ಐದೇ ದಿನದಲ್ಲಿ ಕೋಚ್ ಆರಿಸಿದೆವು, ನೀವು ಹಾಗೆ ಮಾಡಬೇಡಿ

ಬೆಂಗಳೂರು ಜಿಲ್ಲಾ ಲೀಗ್‌ನ ಕೆಳಗಿನ ಡಿವಿಷನ್‌ಗಳಲ್ಲಿ ಆಡುವ ಒಂದು ಸಣ್ಣ ಫುಟ್‌ಬಾಲ್ ಕ್ಲಬ್‌ಗೆ ನಾನು ಜಂಟಿ ಕಾರ್ಯದರ್ಶಿ. ಕಳೆದ ಲೀಗ್ ಅರ್ಧಕ್ಕೆ ಬಂದಾಗ ನಾವು ಕೋಚ್ ಬದಲಿಸಿದೆವು. ಆಗ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯ ಸ್ಥಾನದಲ್ಲಿದ್ದೆವು. ಲೀಗ್ ಮುಗಿದಾಗ ಕಟ್ಟಕಡೆಯ ಸ್ಥಾನ. ಕೆಳ ಡಿವಿಷನ್‌ಗೆ ಇಳಿದೆವು, ವರ್ಷವಿಡೀ ಚಂದಾ ಎತ್ತಿ ಕೂಡಿಸಿದ್ದ ಒಂದು ಲಕ್ಷ ಚಿಲ್ಲರೆ ರೂಪಾಯಿ ಕರಗಿತು, ಹತ್ತನೇ ವಯಸ್ಸಿನಿಂದ ನಮ್ಮ ಮೈದಾನದಲ್ಲೇ ಬೆಳೆದ ಆರು ಹುಡುಗರು ಕ್ಲಬ್ ಬಿಟ್ಟರು. ಆ ಕೋಚ್ ಬೇಕು ಎಂದು ಕೈ ಎತ್ತಿದ ಐವರಲ್ಲಿ ನಾನೂ ಒಬ್ಬ. ಆದ್ದರಿಂದ ಇದನ್ನು ನಾನೇ ಬರೆಯಬೇಕು.

ಆ ವ್ಯಕ್ತಿಯ ಹೆಸರು ಬರೆಯುವುದಿಲ್ಲ. ಅವರು ಕಳ್ಳರಲ್ಲ, ಫುಟ್‌ಬಾಲ್ ತಿಳಿಯದವರೂ ಅಲ್ಲ. ನಮ್ಮ ತಪ್ಪು ನಾವು ಆರಿಸಿದ ರೀತಿಯಲ್ಲಿತ್ತು. ಲೀಗ್‌ನಲ್ಲಿ ಒದ್ದಾಡುತ್ತಿರುವ ಸಣ್ಣ ಕ್ಲಬ್ ಯಾವುದೇ ಇರಲಿ, ಇದೇ ಗುಂಡಿಗೆ ಬೀಳುವ ಸಾಧ್ಯತೆ ಬಹಳ.

ಒಂದು ಭಾನುವಾರ 4-0 ಅಂತರದಲ್ಲಿ ಸೋತೆವು. ಆ ರಾತ್ರಿಯೇ ಖಜಾಂಚಿಯವರ ಮನೆಯಲ್ಲಿ ಸಭೆ. ಹನ್ನೊಂದು ವರ್ಷಗಳಿಂದ ತಂಡವನ್ನು ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಮಾಸ್ಟರ್ ಎಂದೇ ಕರೆಯುತ್ತಿದ್ದೆವು. ವಯಸ್ಸು ಅರವತ್ತೆರಡು. ಸಂಬಳವೆಂದು ಒಂದು ದಿನವೂ ಕೇಳಿದವರಲ್ಲ, ಬಸ್ಸಿನ ಖರ್ಚು ಮಾತ್ರ ಕೊಡುತ್ತಿದ್ದೆವು. ‘ಮಾಸ್ಟರ್ ಹಳೆಯ ಕಾಲದವರು, ಈಗಿನ ಆಟ ಬೇರೆ’ ಎಂದು ಯಾರೋ ಒಬ್ಬರು ಹೇಳಿದರು. ಉಳಿದವರು ತಲೆಯಾಡಿಸಿದೆವು. ಅವರಿಗೆ ವಿಷಯ ತಿಳಿಸಿದ್ದು ಫೋನಿನಲ್ಲಿ. ಅವರು ‘ಆಗಲಿ’ ಎಂದಷ್ಟೇ ಹೇಳಿದರು. ಮರುದಿನ ಚೆಂಡುಗಳ ಚೀಲವನ್ನೂ ತರಬೇತಿಗೆ ನೆಡುವ ಕೋನ್‌ಗಳನ್ನೂ ಆಟೊದಲ್ಲಿ ಕಳುಹಿಸಿದರು. ಜೊತೆಗೆ ಒಂದು ದಪ್ಪ ನೋಟ್‌ಬುಕ್ ಇತ್ತು. ಅದು ಕಿಟ್ ಇಡುವ ಬೀರುವಿನ ಮೇಲೆ ಎರಡು ತಿಂಗಳು ಬಿದ್ದಿತ್ತು. ನಾನು ಸೇರಿದಂತೆ ಒಬ್ಬರೂ ತೆರೆದು ನೋಡಲಿಲ್ಲ.

ಮುಂದಿನ ಪಂದ್ಯಕ್ಕೆ ಉಳಿದದ್ದು ಐದು ದಿನ. ಅಷ್ಟರಲ್ಲಿ ಹೊಸ ಕೋಚ್ ಬೇಕು ಎಂದು ನಮ್ಮನ್ನು ನಾವೇ ಕಟ್ಟಿಹಾಕಿಕೊಂಡೆವು. ಯಾರೂ ಒತ್ತಾಯಿಸಿರಲಿಲ್ಲ. ಹಿರಿಯ ಆಟಗಾರನೊಬ್ಬನ ಕೈಗೆ ಎರಡು ವಾರ ತಂಡ ಒಪ್ಪಿಸಿ ನಿಧಾನವಾಗಿ ಹುಡುಕಬಹುದಿತ್ತು. ದೊಡ್ಡ ಕ್ಲಬ್‌ಗಳೂ ಮಾಡುವುದು ಅದನ್ನೇ. 2018-19ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿ ಗೆದ್ದುಕೊಟ್ಟ ಕಾರ್ಲೆಸ್ ಕ್ವಾದ್ರಾತ್ ಅವರನ್ನು ಬೆಂಗಳೂರು ಎಫ್‌ಸಿ 2021ರ ಜನವರಿಯಲ್ಲಿ ಬಿಟ್ಟಾಗ, ಜೊತೆಯಲ್ಲೇ ಇದ್ದ ಸಹಾಯಕ ಕೋಚ್ ನೌಶಾದ್ ಮೂಸಾ ಅವರು ಹಂಗಾಮಿಯಾಗಿ ಹೊಣೆ ಹೊತ್ತರು. ಆ ವರ್ಷ ತಂಡ ಏಳನೆಯ ಸ್ಥಾನಕ್ಕೇ ನಿಂತಿತು, ಪವಾಡವೇನೂ ನಡೆಯಲಿಲ್ಲ. ಆದರೆ ಹುಡುಗರನ್ನು ಬಲ್ಲವರೊಬ್ಬರು ಪ್ರತಿದಿನ ಮೈದಾನದಲ್ಲಿದ್ದರು, ಮುಂದಿನವರನ್ನು ಹುಡುಕಲು ಆಡಳಿತಕ್ಕೆ ಸಮಯ ಸಿಕ್ಕಿತು.

ನಮಗೆ ಬಂದವರು ಪರಿಚಯದವರ ಪರಿಚಯದವರು. ಖಜಾಂಚಿಯವರ ಮನೆಯ ಹಾಲ್‌ನಲ್ಲಿ ಲ್ಯಾಪ್‌ಟಾಪ್ ತೆರೆದು ಮುಕ್ಕಾಲು ಗಂಟೆ ಮಾತನಾಡಿದರು. ಬಾಣಗಳು, ಬಣ್ಣದ ವೃತ್ತಗಳು, ಯುರೋಪಿನ ತಂಡಗಳ ವಿಡಿಯೊ ತುಣುಕುಗಳು. ಹಿಂದೆ ಮೂವರು ಡಿಫೆಂಡರ್‌ಗಳು, ಎರಡೂ ಅಂಚಿನಲ್ಲಿ ಮೈದಾನದ ಉದ್ದಕ್ಕೂ ಓಡುವ ಇಬ್ಬರು, ಗೋಲ್‌ಕೀಪರ್‌ನಿಂದಲೇ ಪಾಸ್ ಕಟ್ಟಿಕೊಂಡು ಬರುವ ಆಟ. ಕೇಳಲು ಚೆನ್ನಾಗಿತ್ತು. ಕೊನೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಪ್ರಮಾಣಪತ್ರ ಮುಂದಿಟ್ಟರು. ಮೇಲೆ ಮುದ್ರೆ ಇತ್ತು, ಇಂಗ್ಲಿಷ್‌ನಲ್ಲಿ ದೊಡ್ಡ ಅಕ್ಷರಗಳಿದ್ದವು. ನಾವು ಅದನ್ನು ಕೈಯಿಂದ ಕೈಗೆ ದಾಟಿಸಿದೆವು, ಓದಲಿಲ್ಲ.

ತಿಂಗಳಿಗೆ 35,000 ರೂಪಾಯಿ, ಮೂರು ತಿಂಗಳದ್ದು ಮುಂಗಡ. ಛಾಪಾ ಕಾಗದದಲ್ಲಿ ಒಂದೂವರೆ ಪುಟದ ಕರಾರು ಅವರೇ ತಂದಿದ್ದರು. ನಡುವೆ ಬಿಟ್ಟರೆ ಮುಂಗಡ ಏನಾಗಬೇಕು ಎಂಬ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಸಹಿ ಹಾಕಿದೆವು. ಅವರು ನಮ್ಮ ಹುಡುಗರ ಜೊತೆ ಒಂದೇ ಒಂದು ಸಂಜೆ ಕಳೆಯುವುದನ್ನು ಆವರೆಗೆ ನಾವು ನೋಡಿರಲಿಲ್ಲ. ಹುಡುಗರನ್ನು ಕೇಳಿಯೂ ಇರಲಿಲ್ಲ. ಈ ಇಡೀ ಬರಹದಲ್ಲಿ ನಾನು ಹೇಳಬೇಕಾದದ್ದು ಇದೊಂದೇ, ಉಳಿದ ಅನಾಹುತವೆಲ್ಲ ಇದರ ಬೆನ್ನಿಗೆ ಬಂದದ್ದು.

ಮೊದಲು ಪ್ರಮಾಣಪತ್ರದ ವಿಷಯ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಕೋಚ್‌ಗಳಿಗೆ ಲೈಸೆನ್ಸ್‌ನ ಮೆಟ್ಟಿಲುಗಳಿವೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಕೊಡುವ ಡಿ ಲೈಸೆನ್ಸ್ ಕೆಳ ಹಂತದ್ದು, ಅದರ ಮೇಲೆ ಏಷ್ಯಾದ ಫುಟ್‌ಬಾಲ್ ಒಕ್ಕೂಟವಾದ ಎಎಫ್‌ಸಿಯ ಸಿ, ಬಿ, ಎ, ಎಲ್ಲಕ್ಕಿಂತ ಮೇಲೆ ಪ್ರೊ. ಒಂದೊಂದು ಮೆಟ್ಟಿಲಿಗೂ ತರಗತಿ, ಮೈದಾನದಲ್ಲಿ ಪಾಠ ಮಾಡಿ ತೋರಿಸುವುದು, ಪರೀಕ್ಷೆ ಎಲ್ಲವೂ ಇರುತ್ತವೆ. ನಾವು ನೋಡಿದ ಕಾಗದ ಇವುಗಳಲ್ಲಿ ಯಾವುದೂ ಅಲ್ಲ, ಎರಡು ದಿನದ ಕಾರ್ಯಾಗಾರದಲ್ಲಿ ಭಾಗವಹಿಸಿದ್ದಕ್ಕೆ ಕೊಟ್ಟ ಪತ್ರ. ಅವರ ಬಳಿ ಇದ್ದ ಲೈಸೆನ್ಸ್ ಡಿ ಮಾತ್ರ. ‘ಎ ಲೈಸೆನ್ಸ್‌ನ ಹಾದಿಯಲ್ಲಿದ್ದೇನೆ’ ಎಂದು ಅವರು ಹೇಳಿದ್ದರು, ನಾವು ‘ಇದೆ’ ಎಂದು ಕೇಳಿಸಿಕೊಂಡೆವು. ಕಾಗದವನ್ನು ಓದಿ, ಲೈಸೆನ್ಸ್ ಸಂಖ್ಯೆ ಕೇಳಿ, ರಾಜ್ಯ ಫುಟ್‌ಬಾಲ್ ಸಂಸ್ಥೆಯವರಲ್ಲಿ ವಿಚಾರಿಸಿ. ಹಾಗೆಂದು ಡಿ ಲೈಸೆನ್ಸ್ ಇರುವವರು ಬೇಡ ಎನ್ನುತ್ತಿಲ್ಲ. ನಮ್ಮಂತಹ ಕ್ಲಬ್‌ಗೆ ಡಿ ಲೈಸೆನ್ಸ್ ಇದ್ದು ಹುಡುಗರ ಮನಸ್ಸು ಓದಬಲ್ಲವರು ಸಿಕ್ಕರೆ ಅದು ಪುಣ್ಯ.

ಆಮೇಲೆ ಆಟ. ನಾವು ಅಭ್ಯಾಸ ಮಾಡುವುದು ಮಣ್ಣಿನ ಮೈದಾನದಲ್ಲಿ, ವಾರಕ್ಕೆ ಎರಡು ಮೂರು ಸಂಜೆ. ಪಂದ್ಯಗಳು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹುಲ್ಲಿನ ಮೇಲೆ. ಅಲ್ಲಿ ಚೆಂಡು ಜಾರಿಕೊಂಡು ಓಡುತ್ತದೆ. ಮಾಸ್ಟರ್ ನಾಲ್ವರು ಡಿಫೆಂಡರ್‌ಗಳನ್ನು ಪೆನಾಲ್ಟಿ ಪ್ರದೇಶದ ಹತ್ತಿರವೇ ಇಟ್ಟು, ಬೆನ್ನ ಹಿಂದೆ ಜಾಗ ಬಿಡದೆ ಆಡಿಸುತ್ತಿದ್ದರು. ನೋಡಲು ಸೊಗಸಾದ ಆಟವಲ್ಲ. ಆದರೆ ನಮ್ಮ ಡಿಫೆಂಡರ್‌ಗಳು ನಿಧಾನ, ಅದಕ್ಕೆ ತಕ್ಕ ಆಟ ಅದು. ಹೊಸಬರು ಬಂದ ಮೂರನೇ ದಿನಕ್ಕೆ ಮೂವರನ್ನು ಹಿಂದೆ ಬಿಟ್ಟು, ಅವರನ್ನೂ ಮೈದಾನದ ನಡುಗೆರೆಯ ಹತ್ತಿರಕ್ಕೆ ತಳ್ಳಿದರು. ಎದುರಾಳಿಗಳು ಮೇಲಿಂದ ಉದ್ದನೆಯ ಚೆಂಡು ಹಾಕಿದರೆ ಸಾಕು, ನಮ್ಮವರು ತಿರುಗಿ ಓಡುವಷ್ಟರಲ್ಲಿ ಅವರ ಹುಡುಗ ಗೋಲ್‌ಕೀಪರ್‌ನ ಮುಂದೆ ಇರುತ್ತಿದ್ದ. ಮೊದಲ ಪಂದ್ಯದಲ್ಲಿ ಐದು ಗೋಲು ಬಿಟ್ಟುಕೊಟ್ಟೆವು. ವಿರಾಮದಲ್ಲಿ ನಡುವಿನ ಡಿಫೆಂಡರ್ ಕೋಚ್ ಹತ್ತಿರ ಹೋಗಿ, ‘ಸರ್, ಇಷ್ಟು ದೊಡ್ಡ ಜಾಗವನ್ನು ನಾನೊಬ್ಬನೇ ಹೇಗೆ ಕಾಯಲಿ?’ ಎಂದು ಕೇಳಿದ. ‘ನನ್ನ ಪದ್ಧತಿ ಅರ್ಥವಾಗಲು ಸಮಯ ಬೇಕು’ ಎಂದು ಉತ್ತರ ಬಂತು. ಸಮಯ ಬೇಕು ಎಂಬುದು ನಿಜವೇ. ಆದರೆ ಉಳಿದಿದ್ದದ್ದು ಆರು ಪಂದ್ಯ.

ಇಂಗ್ಲೆಂಡಿನಲ್ಲಿ ಕೋಚ್‌ಗೆ ಮ್ಯಾನೇಜರ್ ಎನ್ನುತ್ತಾರೆ. ನಮ್ಮಲ್ಲಿ ಮ್ಯಾನೇಜರ್ ಎಂದರೆ ಕಿಟ್, ನೀರು, ಆಟಗಾರರ ಕಾರ್ಡು ನೋಡಿಕೊಳ್ಳುವವರು. ಅಲ್ಲಿನ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ 2017ರಲ್ಲಿ ಫ್ರಾಂಕ್ ಡಿ ಬೋರ್ ಅವರನ್ನು ಮ್ಯಾನೇಜರ್ ಮಾಡಿಕೊಂಡಿತ್ತು. ಸಾಧಾರಣ ಹೆಸರಲ್ಲ, ನೆದರ್ಲೆಂಡ್ಸ್‌ನ ಅಯಾಕ್ಸ್ ತಂಡಕ್ಕೆ ಸತತ ನಾಲ್ಕು ಲೀಗ್ ಪ್ರಶಸ್ತಿ ತಂದವರು. ಹಿಂದೆ ಗಟ್ಟಿಯಾಗಿ ನಿಂತು, ಅವಕಾಶ ಸಿಕ್ಕಾಗ ಮುನ್ನುಗ್ಗಿ ಬದುಕಿಕೊಂಡಿದ್ದ ತಂಡಕ್ಕೆ ಮೂವರು ಡಿಫೆಂಡರ್‌ಗಳ, ಪಾಸ್‌ಗಳ ಆಟ ಕಲಿಸಲು ಹೊರಟರು. ಮೊದಲ ನಾಲ್ಕು ಲೀಗ್ ಪಂದ್ಯಗಳಲ್ಲೂ ಸೋಲು, ಒಂದು ಗೋಲೂ ಇಲ್ಲ. 77 ದಿನಕ್ಕೆ ಕೆಲಸ ಹೋಯಿತು. ಅವರ ಜಾಗಕ್ಕೆ ಬಂದ ರಾಯ್ ಹಾಜ್ಸನ್ ಅವರಿಗೆ ಆಗ ಎಪ್ಪತ್ತು ವರ್ಷ. ಅವರು ಆ ಕ್ಲಬ್ ಇರುವ ಕ್ರಾಯ್ಡನ್ ಸೀಮೆಯವರು, ಹುಡುಗನಾಗಿದ್ದಾಗ ಅದೇ ಕ್ಲಬ್‌ನಲ್ಲಿ ಆಟ ಕಲಿತವರು. ಅವರೂ ಮೊದಲ ಮೂರು ಲೀಗ್ ಪಂದ್ಯ ಸೋತರು. ಆಮೇಲೆ ಹಿಂದಿನ ವರ್ಷದ ಚಾಂಪಿಯನ್ ಚೆಲ್ಸಿಯನ್ನು ಸೋಲಿಸಿ, ಕೊನೆಗೆ ತಂಡವನ್ನು ಹನ್ನೊಂದನೆಯ ಸ್ಥಾನಕ್ಕೆ ಮುಟ್ಟಿಸಿದರು. ಕೈಯಲ್ಲಿರುವ ಆಟಗಾರರಿಗೆ ಹೊಂದುವ ಆಟವನ್ನೇ ಆಡಿಸಿದರು. ಈ ಕಥೆ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕೈ ಎತ್ತಿದೆನಲ್ಲ ಎಂಬುದೇ ನನ್ನನ್ನು ಇಂದಿಗೂ ಸುಡುವುದು.

ಎಲ್ಲಕ್ಕಿಂತ ನೋವಿನ ಭಾಗ ನಮ್ಮ ಎಡ ಅಂಚಿನ ಡಿಫೆಂಡರ್‌ನದು. ಇಪ್ಪತ್ತೊಂದು ವರ್ಷದ ಹುಡುಗ, ಗೋದಾಮೊಂದರಲ್ಲಿ ಕೆಲಸ. ಹೊಸ ಪದ್ಧತಿಯಲ್ಲಿ ಅಂಚಿನುದ್ದಕ್ಕೂ ಓಡಬೇಕಾದವನು ಅವನೇ. ಎರಡು ಬುಧವಾರ ಅಭ್ಯಾಸಕ್ಕೆ ತಡವಾಗಿ ಬಂದ, ಮೂರನೆಯ ಬುಧವಾರ ಬರಲೇ ಇಲ್ಲ. ಕೋಚ್ ಎಲ್ಲರ ಮುಂದೆ ಅವನನ್ನು ಸೋಮಾರಿ ಎಂದು ಕರೆದು ತಂಡದಿಂದ ಕೈಬಿಟ್ಟರು. ಅವನು ಜಗಳವಾಡಲಿಲ್ಲ, ಜೆರ್ಸಿಯನ್ನು ಒಗೆದು ಮಡಿಸಿ ತಂದು ನನ್ನ ಕೈಗೆ ಕೊಟ್ಟು ಹೋದ. ಅವನ ಹಿಂದೆಯೇ ಅವನ ಬೀದಿಯ ಇನ್ನಿಬ್ಬರು ಹೋದರು, ಆಮೇಲೆ ಮತ್ತೆ ಮೂವರು. ಅವರ ಜಾಗಕ್ಕೆ ಕೋಚ್ ತಮಗೆ ಪರಿಚಯವಿದ್ದ ನಾಲ್ವರನ್ನು ಕರೆತಂದರು. ಅವರ ನೋಂದಣಿ, ವರ್ಗಾವಣೆಯ ಕಾಗದ, ಓಡಾಟದ ಖರ್ಚು ಎಲ್ಲವೂ ಕ್ಲಬ್ ತಲೆಗೆ.

ಎರಡು ತಿಂಗಳ ನಂತರ ನಾನು ಬೀರುವಿನ ಮೇಲಿದ್ದ ಮಾಸ್ಟರ್ ಅವರ ನೋಟ್‌ಬುಕ್ ತೆರೆದೆ. ಒಬ್ಬೊಬ್ಬ ಆಟಗಾರನಿಗೂ ಎರಡು ಪುಟ. ಯಾರ ಯಾವ ಮಂಡಿ ನೋಯುತ್ತದೆ, ಯಾರಿಗೆ ಬೈದರೆ ಆಟ ಕೆಡುತ್ತದೆ, ಯಾರ ಮನೆಯಲ್ಲಿ ಪರೀಕ್ಷೆಯ ಸಮಯದಲ್ಲಿ ಬಿಡುವುದಿಲ್ಲ. ಆ ಹುಡುಗನ ಪುಟದಲ್ಲಿ ಹೀಗೆ ಬರೆದಿದ್ದರು: ‘ಮಂಗಳವಾರ, ಗುರುವಾರ ರಾತ್ರಿ ಪಾಳಿ. ಬುಧವಾರ ಓಡಿಸಬಾರದು. ಬಂದರೆ ಕೂರಿಸಿ ಚಹಾ ಕೊಡಿಸುವುದು, ಶನಿವಾರ ಎರಡರಷ್ಟು ಓಡುತ್ತಾನೆ.’ ಓದಿದವನು ಬಹಳ ಹೊತ್ತು ಬೀರುವಿನ ಮುಂದೆಯೇ ನಿಂತಿದ್ದೆ.

ಮಾಸ್ಟರ್ ಅವರನ್ನು ಎಂದೂ ಬದಲಿಸಬಾರದಿತ್ತು ಎಂದು ನಾನು ವಾದಿಸುವುದಿಲ್ಲ. ಬದಲಾವಣೆ ಬೇಕಿತ್ತೋ ಏನೋ. ಆದರೆ ಹೊಸಬರನ್ನು ಅವರ ಜೊತೆ ಒಂದು ಗಂಟೆ ಕೂರಿಸಿದ್ದರೆ ಆ ಹುಡುಗ ಉಳಿಯುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಊರಿನ ಫುಟ್‌ಬಾಲ್‌ಗೆ ಹೊಂದುವಷ್ಟು ಇನ್ನಾವುದಕ್ಕೂ ಹೊಂದದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸುವಷ್ಟು ಆಟದ ಹುಚ್ಚಿದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಕರ್ನಾಟಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆಗ ತಂಡದ ಕೋಚ್ ಆಗಿದ್ದವರು ರವಿ ಬಾಬು ರಾಜು, ಆಡಿದವರಲ್ಲಿ ಅನೇಕರು ಇಲ್ಲಿನ ಲೀಗ್‌ನಲ್ಲಿ ಬೆಳೆದವರು. ಈ ಮೈದಾನಗಳನ್ನೂ ಈ ಹುಡುಗರ ಪಾಳಿಗಳನ್ನೂ ಬಲ್ಲವರು ಇಲ್ಲಿಯೇ ಇದ್ದಾರೆ. ನಾವು ಅವರಲ್ಲಿ ಒಬ್ಬರಿಗೂ ಫೋನ್ ಮಾಡಲಿಲ್ಲ.

ಕೊನೆಯ ಎರಡು ಪಂದ್ಯ ಬಾಕಿ ಇದ್ದಾಗ ಕೋಚ್ ಬೇರೆ ಕಡೆ ಕೆಲಸ ಸಿಕ್ಕಿತೆಂದು ಹೊರಟರು. ಮುಂಗಡದಲ್ಲಿ ಉಳಿದದ್ದನ್ನು ಕೇಳಿದರೆ ಕರಾರು ತೋರಿಸಿದರು. ವಕೀಲರೊಬ್ಬರು ಓದಿ, ಇದರಲ್ಲಿ ಹಿಡಿಯಲು ಏನೂ ಇಲ್ಲ ಎಂದರು. ಹಣವನ್ನು ತಿಂಗಳು ತಿಂಗಳಿಗೆ ಕೊಡಿ, ನಡುವೆ ಬಿಟ್ಟರೆ ಏನು ಎಂಬುದನ್ನು ನೀವೇ ಬರೆಯಿಸಿ, ಸಹಿಗೆ ಮುಂಚೆ ಓದಬಲ್ಲವರಿಗೆ ತೋರಿಸಿ. ಹೊಸ ಆಟಗಾರರನ್ನು ತರುವ ಅಧಿಕಾರವನ್ನು ಕೋಚ್ ಒಬ್ಬರ ಕೈಗೆ ಬಿಡಬೇಡಿ. ಹಿಂದೆ ಕೆಲಸ ಮಾಡಿದ ಕ್ಲಬ್‌ಗಳಿಗೆ ಫೋನ್ ಮಾಡುವಾಗ ಅಧ್ಯಕ್ಷರನ್ನಷ್ಟೇ ಮಾತನಾಡಿಸಬೇಡಿ, ಅಲ್ಲಿ ಬೆಂಚಿನಲ್ಲಿ ಕೂತಿದ್ದ ಹುಡುಗನನ್ನು ಕೇಳಿ. ನಾವು ಆಮೇಲೆ ಕೇಳಿದೆವು. ಅವನು ಎರಡೇ ನಿಮಿಷದಲ್ಲಿ ಹೇಳಿದ್ದನ್ನು ತಿಳಿಯಲು ನಮಗೆ ಎರಡು ತಿಂಗಳು ಹಿಡಿದಿತ್ತು.

ಕಳೆದ ವಾರ ಮಾಸ್ಟರ್ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ‘ಬಿಡಿ, ಆದದ್ದಾಯಿತು’ ಎಂದರು. ಮತ್ತೆ ಬರಲು ಒಪ್ಪಲಿಲ್ಲ, ಮಂಡಿ ಕೇಳುವುದಿಲ್ಲವಂತೆ. ನೋಟ್‌ಬುಕ್ ಹಿಂದಿರುಗಿಸಲು ಹೋದರೆ, ಮುಂದಿನವರಿಗೆ ಕೊಡಿ ಎಂದು ನನ್ನ ಕೈಗೇ ಇಟ್ಟರು.

ಈ ಬಾರಿ ಮೂವರನ್ನು ಕರೆದಿದ್ದೇವೆ. ಒಬ್ಬೊಬ್ಬರೂ ಒಂದು ಭಾನುವಾರ ಬೆಳಗ್ಗೆ ನಮ್ಮ ಮಣ್ಣಿನ ಮೈದಾನದಲ್ಲಿ ಒಂದೂವರೆ ಗಂಟೆ ಅಭ್ಯಾಸ ನಡೆಸಬೇಕು, ಆಮೇಲೆ ಹುಡುಗರು ತಮಗೆ ಅನಿಸಿದ್ದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದುಕೊಡುತ್ತಾರೆ. ಮೊದಲನೆಯವರು ಈ ಭಾನುವಾರ ಆರೂವರೆಗೆ ಬರುತ್ತಾರೆ. ಬಿಟ್ಟುಹೋದ ಆರು ಹುಡುಗರಿಗೂ ನಾನೇ ಫೋನ್ ಮಾಡಿ ಬನ್ನಿ ಎಂದಿದ್ದೇನೆ. ಇಬ್ಬರು ನೋಡೋಣ ಎಂದರು. ಗೋದಾಮಿನ ಹುಡುಗ ಇನ್ನೂ ಫೋನ್ ಎತ್ತಿಲ್ಲ.