ಪೈಪಿನ ಸದ್ದು ಅಳೆಯೋಕೆ ಎನ್‌ಐಒಎಸ್‌ಎಚ್ ಆ್ಯಪ್ ಸಾಕಾ?

ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಗಳಲ್ಲಿ ಇರುವವರು ಈ ಆ್ಯಪ್ ಇಟ್ಟುಕೊಳ್ಳಲೇಬೇಕು. ಕೆಲಸದ ಜಾಗದ ಗದ್ದಲ ಅಳೆಯಲೆಂದು ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಒಎಸ್‌ಎಚ್ ಮಾಡಿಸಿದ ಸೌಂಡ್ ಲೆವೆಲ್ ಮೀಟರ್ ಇದು. ದುಡ್ಡು ಕೊಡಬೇಕಿಲ್ಲ. ಐಫೋನ್ ಮಾತ್ರ ಬೇಕು, ಅದೇ ಬೇಜಾರು. ಲ್ಯಾಬ್ ಪರೀಕ್ಷೆಯಲ್ಲಿ 2 ಡೆಸಿಬಲ್ ಆಚೀಚೆ ಸರಿಯಾಗಿ ತೋರಿಸಿದೆ.

ನಮ್ಮ ಟ್ಯಾಂಕ್ ಸುಮಾರು 40 ಮೀಟರ್ ಮೇಲಿದೆ, ಅಂದರೆ ನಮ್ಮ ನಲ್ಲಿಗೆ ಬರುವಾಗ ಹತ್ತಿರ ಹತ್ತಿರ 4 ಬಾರ್ ಒತ್ತಡ. ನಲ್ಲಿ ತಿರುಗಿಸಿದರೆ ಸುಯ್ ಅನ್ನುವ ಸದ್ದು ಪೈಪು, ಕ್ಲಾಂಪು, ಗೋಡೆ ಹಿಡಿದು ಮಲಗುವ ಕೋಣೆಗೇ ಬರುತ್ತಿತ್ತು. ಪ್ಲಂಬರ್ ಪೈಪ್ ಎಲ್ಲ ಕಿತ್ತು ದಪ್ಪದ್ದು ಹಾಕೋಣ ಅಂದರು. ಸುಮ್ನೆ ಗೋಡೆ ಒಡೆಸೋದಕ್ಕೆ ಮೊದಲು ಲೆಕ್ಕ ಹಾಕಿದೆ. ಒತ್ತಡ ಅರ್ಧಕ್ಕೆ ಇಳಿದರೆ ನೀರಿನ ವೇಗ ಸುಮಾರು ಶೇ. 30 ಕಡಿಮೆಯಾಗುತ್ತದೆ. ವಾಲ್ವ್ ಒಳಗಿನ ಸುಳಿಗಳಿಂದ ಹುಟ್ಟುವ ಸದ್ದಿನ ಶಕ್ತಿ ಹೆಚ್ಚಾಗಿ ವೇಗದ ಆರನೇ ಘಾತದಂತೆ ಏರಿಳಿಯುತ್ತದೆ, ಹಾಗಾಗಿ 9 ಡೆಸಿಬಲ್ ಇಳಿಯಬೇಕು. ಡಕ್ಟ್‌ನಲ್ಲಿ, ಕೋಣೆಯಿಂದ ದೂರಕ್ಕೆ, ಒಂದು ಪಿಆರ್‌ವಿ (ನೀರಿನ ಒತ್ತಡ ಇಳಿಸುವ ವಾಲ್ವ್) ಹಾಕಿಸಿ 2 ಬಾರ್‌ಗೆ ಇಳಿಸಿದೆವು. ಅದೇ ನಲ್ಲಿ ಪೂರ್ತಿ ತೆರೆದು, ಫೋನ್ ಅದೇ ಜಾಗದಲ್ಲಿಟ್ಟು ಅಳೆದರೆ 58 ಇದ್ದದ್ದು 50 ಆಗಿತ್ತು. ಇಷ್ಟು ಹತ್ತಿರ ಬಂತಲ್ಲ ಅಂತ ನಿಜವಾಗಲೂ ಖುಷಿಯಾಯಿತು!

ಆದರೆ ಒಂದು ಮಾತು. ಪಂಪಿನ ಗುಂಯ್ ಸದ್ದಿಗೆ ಎ ವೇಟಿಂಗ್, ಅಂದರೆ ನಮ್ಮ ಕಿವಿಗೆ ಕೇಳುವ ಹಾಗೆ ಸದ್ದನ್ನು ತೂಗಿ ತೋರಿಸುವ ಸೆಟ್ಟಿಂಗ್, ನಂಬಬೇಡಿ. 100 ಹರ್ಟ್ಸ್ ಹತ್ತಿರದ ಸದ್ದನ್ನು ಅದು 19 ಡೆಸಿಬಲ್ ತಗ್ಗಿಸಿಯೇ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇಂಥ ಸದ್ದನ್ನು ಅಷ್ಟು ತಗ್ಗಿಸದ ಸಿ ವೇಟಿಂಗ್‌ಗೆ ಬದಲಿಸಿ ಇನ್ನೊಮ್ಮೆ ಅಳೆಯಿರಿ, ಎರಡರ ನಡುವೆ ಅಂತರ ಜಾಸ್ತಿ ಇದ್ದರೆ ಕಾಟ ಕೊಡುತ್ತಿರುವುದು ಕಡಿಮೆ ಹರ್ಟ್ಸ್‌ನ ಸದ್ದು ಅಂತ ಗೊತ್ತಾಗುತ್ತದೆ. ಆಗ ನಲ್ಲಿ ಬಿಟ್ಟು ಪಂಪಿನ ಕಡೆ ನೋಡಬೇಕು, ಅಲ್ವಾ? ಯಾವ ಹರ್ಟ್ಸ್‌ನಲ್ಲಿ ಎಷ್ಟು ಅಂತ ಬಿಡಿಸಿ ನೋಡಲು ಬೇರೆ ಆ್ಯಪ್ ಬೇಕು.

ನಡುರಾತ್ರಿಯ ತೀರಾ ಸಣ್ಣ ಸದ್ದಿಗೂ ಇದು ಆಗುವುದಿಲ್ಲ, ಫೋನ್ ಮೈಕಿನ ಸ್ವಂತ ಗುಸುಗುಸುವೇ ಅಡ್ಡ ಬರುತ್ತದೆ. ಬಿಲ್ಡರ್ ಮೇಲೆ ದೂರು ಕೊಡುವುದಿದ್ದರೆ ಕ್ಯಾಲಿಬ್ರೇಟ್ ಆದ ಕ್ಲಾಸ್ 1 (ತುಂಬಾ ನಿಖರ ದರ್ಜೆಯ) ಮೀಟರ್ ಇರುವವರನ್ನೇ ಕರೆಸಿ. ರಿಪೇರಿಗೆ ಮೊದಲು, ರಿಪೇರಿ ಆದಮೇಲೆ ಅಂತ ಹೋಲಿಸಿ ನೋಡಲು ಮಾತ್ರ ಈ ಆ್ಯಪಿಗೆ 5ಕ್ಕೆ 4 ಕೊಡುತ್ತೇನೆ.