ಹಳೇ ನಾಣ್ಯಕ್ಕೆ ಡಿಟೆಕ್ಟರ್ ತಗೊಳ್ಳೋರಿಗೆ: ನಮ್ಮ ಕೆಂಪು ಮಣ್ಣಲ್ಲಿ ನೋಕ್ಟಾ ಲೆಜೆಂಡ್

ಮೊದ್ಲೇ ಹೇಳ್ಬಿಡ್ತೇನೆ, ಬಾಕ್ಸ್ ಮೇಲೆ ಬರೆದ ಆಳ ನೋಡಿ ಮೆಟಲ್ ಡಿಟೆಕ್ಟರ್ ತಗೋಬೇಡಿ. ನಾನು ಬಳಸೋದು ನೋಕ್ಟಾ ಲೆಜೆಂಡ್, ಟರ್ಕಿ ಕಂಪನಿದು, 2022ರಲ್ಲಿ ಬಂದ ಮಾಡೆಲ್. ಅಂಕೋಲಾದ ನಮ್ಮನೆ ಹಿತ್ಲು, ಕಾರವಾರ ಕಡೆ ಬೀಚು, ಆಮೇಲೆ ಶಿರಸಿ ಹತ್ರ ಹುಲೇಕಲ್ ಕಡೆ ಹೆಂಡ್ತಿ ತವರುಮನೆ ತೋಟ, ಮೂರೂ ಕಡೆ ಓಡಾಡ್ಸಿ ಆಗಿದೆ. ಒಂದೇ ಮೆಷಿನ್ನು ಮೂರು ಜಾಗದಲ್ಲಿ ಮೂರು ಥರ ನಡ್ಕೊಳ್ತದೆ ಮಾರಾಯ್ರೇ, ಅದ್ಕೇ ಇಷ್ಟುದ್ದ ಬರೀತಿರೋದು. ಯೂಟ್ಯೂಬ್ ವಿಡಿಯೋ ಹೆಚ್ಚಿನವೆಲ್ಲ ಇಂಗ್ಲೆಂಡಿನ ಉತ್ತ ಹೊಲದ್ದು, ಅದನ್ನ ನೋಡ್ಕೊಂಡು ಇಲ್ಲಿ ದುಡ್ಡು ಹಾಕಿದ್ರೆ ಆಗೋದಿಲ್ಲ.

ನಮ್ಮ ಕಡೆ ಮಣ್ಣು ಅಂದ್ರೆ ಚಿರೆಕಲ್ಲಿನ ಮಣ್ಣು, ಕೆಂಪು ಬಣ್ಣ ಬಂದಿದ್ದೇ ಕಬ್ಬಿಣದ ಅಂಶದಿಂದ. ಡಿಟೆಕ್ಟರಿನ ತುದೀಲಿರೋ ತಟ್ಟೆ, ಅಂದ್ರೆ ಕಾಯಿಲ್, ಮಣ್ಣೊಳಗೆ ಅಯಸ್ಕಾಂತ ಕ್ಷೇತ್ರ ಬಿಡ್ತದೆ, ಲೋಹ ಇದ್ರೆ ಅದು ವಾಪಸ್ ಉತ್ತರ ಕೊಡ್ತದೆ, ಆದ್ರೆ ಇಲ್ಲಿ ಮಣ್ಣೇ ಉತ್ತರ ಕೊಡೋಕೆ ಶುರು ಮಾಡ್ತದೆ, ಕೆಲವು ಚಿರೆಕಲ್ಲಿನ ತುಂಡಂತೂ ನಾಣ್ಯ ಸಿಕ್ಕಿದ ಹಾಗೇ ಕೂಗ್ತವೆ. ಇದಕ್ಕೆ ಬೇಕಾಗಿದ್ದು ಗ್ರೌಂಡ್ ಬ್ಯಾಲೆನ್ಸ್. ಲೋಹ ಇಲ್ಲದ ಜಾಗ ನೋಡಿ ಕಾಯಿಲನ್ನ ಮೇಲೆ ಕೆಳಗೆ ಆಡಿಸ್ತಾ ಮಣ್ಣಿನ ಸದ್ದು ಅಡಗೋವರೆಗೆ ಹೊಂದಿಸ್ಕೊಳ್ಳೋದು. ಲೆಜೆಂಡ್‌ನಲ್ಲಿ ಇದು ಆಟೋಮ್ಯಾಟಿಕ್ಕೂ ಇದೆ, ಕೈಯಾರೆ ಮಾಡೋದೂ ಇದೆ, ನಡೀತಾ ನಡೀತಾ ತಾನೇ ಸರಿ ಮಾಡ್ಕೊಳ್ಳೋ ಟ್ರ್ಯಾಕಿಂಗೂ ಇದೆ. ನನ್ನ ಲೆಕ್ಕದಲ್ಲಿ ಈ ಮೆಷಿನ್ ತಗೊಳ್ಳೋಕೆ ಮೊದಲ ಕಾರಣ ಇದೇ, ಆಳ ಅಲ್ಲ. ಆನ್‌ಲೈನ್‌ನಲ್ಲಿ ಸಿಗೋ ತೀರಾ ಕಮ್ಮಿ ಬೆಲೆಯ ಮೆಷಿನ್‌ಗಳಲ್ಲಿ ಈ ಸೌಲಭ್ಯ ಇರೋದೇ ಇಲ್ಲ ಅಥವಾ ಹೆಸರಿಗೆ ಇರ್ತದೆ, ಅದನ್ನ ನಮ್ಮ ಬೆಟ್ಟದ ಮೇಲೆ ಹಿಡ್ಕೊಂಡು ಹೋದ್ರೆ ಬೆಳಗಿಂದ ಸಂಜೆವರೆಗೆ ಕಿರಿಕಿರಿ ಕೇಳ್ತಾ ಇರ್ಬೇಕು ಅಷ್ಟೇ.

ಆಳದ ವಿಷಯಕ್ಕೆ ಬರೋಣ. ಬೆಳ್ಳಿ ರೂಪಾಯಿ ಸೈಜಿನ ಒಂದೇ ಒಂದು ನಾಣ್ಯ, 11 ಇಂಚಿನ ಕಾಯಿಲ್, ನಮ್ಮ ಕೆಂಪು ಮಣ್ಣು, ಒಂದು ಗೇಣು ಆಳದಲ್ಲಿ ಸ್ಪಷ್ಟವಾಗಿ ಕೇಳಿದ್ರೆ ಖುಷಿ ಪಡಿ. ಮರಳಲ್ಲಿ ಅಥವಾ ಕಬ್ಬಿಣ ಕಮ್ಮಿ ಇರೋ ಮಣ್ಣಲ್ಲಿ ಅದಕ್ಕಿಂತ ಸ್ವಲ್ಪ ಕೆಳಗೆ ಹೋಗ್ತದೆ. ಅದಕ್ಕಿಂತ ಜಾಸ್ತಿ ಯಾಕಿಲ್ಲ ಅಂದ್ರೆ, ಆಳ ಎರಡು ಪಟ್ಟಾದ್ರೆ ಚಿಕ್ಕ ವಸ್ತುವಿನಿಂದ ವಾಪಸ್ ಬರೋ ಸಿಗ್ನಲ್ಲು ಹೆಚ್ಚುಕಮ್ಮಿ 64 ಪಟ್ಟು ಕಮ್ಮಿಯಾಗ್ತದೆ, ಇದು ಭೌತಶಾಸ್ತ್ರ, ಯಾವ ಕಂಪನಿನೂ ದಾಟೋಕೆ ಆಗೋದಿಲ್ಲ. ಹಾಗಿರುವಾಗ ವಾಟ್ಸಾಪಲ್ಲಿ "10 ಮೀಟರ್ ಆಳದ ಬಂಗಾರ ತೋರಿಸ್ತದೆ", "ಲಾಂಗ್ ರೇಂಜ್ ಲೊಕೇಟರ್" ಹೇಳಿ ಎರಡು ಕಡ್ಡಿ ತಿರುಗೋ ಮೆಷಿನ್ ಮಾರೋರು ಬರ್ತಾರಲ್ಲ, ಅವರನ್ನ ಅಂಗಳದಿಂದಲೇ ವಾಪಸ್ ಕಳಿಸಿ. ಅಕ್ಕಿ ಎಳೆಯೋ ಪಾತ್ರೆ ಹೇಳಿ ಲಕ್ಷಗಟ್ಟಲೆ ಟೋಪಿ ಹಾಕ್ತಾರಲ್ಲ, ಅವರ ಜಾತಿನೇ ಇವರದ್ದೂ. ಎರಡು ಪೆಟ್ಟಿಗೆಯ ಡಿಟೆಕ್ಟರ್ ಅಂತ ಒಂದು ಬೇರೆ ಬರ್ತದೆ, ಅದು ನಿಜವಾದದ್ದೇ, ಒಂದು ಮೀಟರಿಗಿಂತ ಕೆಳಗೂ ನೋಡ್ತದೆ, ಆದ್ರೆ ಅದಕ್ಕೆ ಕಾಣೋದು ಕೊಡಪಾನದಂಥ ದೊಡ್ಡ ವಸ್ತು ಮಾತ್ರ, ಬಿಡಿ ನಾಣ್ಯ ಅದರ ಕಣ್ಣಿಗೆ ಬೀಳೋದೇ ಇಲ್ಲ.

ತೋಟದಲ್ಲಿ ಇನ್ನೊಂದು ತಲೆನೋವು. ಅಡಕೆ ತೋಟಕ್ಕೆ ಸೊಪ್ಪು, ಗೊಬ್ಬರ, ಮೇಲಿಂದ ಹೊಸ ಮಣ್ಣು ಹಾಕ್ತಾನೇ ಬಂದಿರ್ತಾರೆ, ಅಜ್ಜನ ಕಾಲದಲ್ಲಿ ಬಿದ್ದ ಕಾಲಾಣೆ ಈಗ ಎಷ್ಟು ಕೆಳಗಿರ್ಬಹುದು ನೀವೇ ಯೋಚನೆ ಮಾಡಿ. ಹಾಗಾಗಿ ತೋಟದ ನಡುವೆ ಹುಡುಕೋದಕ್ಕಿಂತ ಹಳೇ ಮನೆ ಇದ್ದ ಪಾಯದ ಸುತ್ತ, ಹಳೇ ಕಾಲುದಾರಿ ಬದಿ, ದಣಪೆ (ಬೇಲಿ ದಾಟೋ ಜಾಗ) ಹತ್ರ, ಮಣ್ಣು ಏರಿಸದೇ ಇರೋ ಕಡೆ ನೋಡೋದು ಚಲೋ. ನಮ್ಮ ಮಾವನ ಮನೆ ಹಳೇ ಪಾಯದ ಹತ್ರ ವಿಕ್ಟೋರಿಯಾ ಕಾಲದ ತಾಮ್ರದ ಕಾಲಾಣೆ, ನಡುವೆ ತೂತಿರೋ ಒಂದು ಪೈಸೆ, ಎರಡೂ ಸಿಕ್ಕಿದ್ವು, ಅದರ ಮೂರು ಪಟ್ಟು ಮೊಳೆ, ಬೇಲಿ ತಂತಿ, ಮುರಿದ ಕತ್ತಿನೂ ಸಿಕ್ತು. ಭಾವ ಪಕ್ಕ ನಿಂತ್ಕೊಂಡು "ಇಷ್ಟು ಗುಜರಿ ಹೆಕ್ಕೋದಕ್ಕೆ ಇಷ್ಟು ದುಡ್ಡಾ" ಹೇಳಿ ನಕ್ಕಿದ್ದು ಬೇರೆ. ಇಂಥ ಕಡೆ ದೊಡ್ಡ ಕಾಯಿಲ್ ಹಾಕಿದ್ರೆ ಮೊಳೆ ಪಕ್ಕದ ನಾಣ್ಯ ಮುಚ್ಚಿಹೋಗ್ತದೆ, 6 ಇಂಚಿನ ಚಿಕ್ಕ ಕಾಯಿಲ್ ಬೇರೆ ತಗೊಂಡಿಟ್ಕೊಳ್ಳಿ, ಆಳ ಸ್ವಲ್ಪ ಹೋಗ್ತದೆ ಆದ್ರೆ ಬಿಡಿಸಿ ತೋರಿಸ್ತದೆ. ಮತ್ತೆ ಹಂದಿ ಕಾಟಕ್ಕೆ ಝಟ್ಕಾ ಬೇಲಿ ಹಾಕಿದ್ರೆ ಮೊದ್ಲು ಆಫ್ ಮಾಡ್ಸಿ, ಟಕ್ ಟಕ್ ಹೇಳಿ ಹೆಡ್‌ಫೋನ್ ತುಂಬಾ ಅದೇ.

ಬೀಚಿನ ಕಥೆ ಇನ್ನೂ ಬೇರೆ. ಒಣ ಮರಳಲ್ಲಿ ಯಾವ ಮೆಷಿನ್ನೂ ನಡೀತದೆ, ಉಪ್ಪು ನೀರು ನೆಂದ ಮರಳಿಗೆ ಕಾಲಿಟ್ಟ ಕೂಡ್ಲೇ ಸಿಂಗಲ್ ಫ್ರೀಕ್ವೆನ್ಸಿ ಮೆಷಿನ್‌ಗಳು ಹುಚ್ಚು ಹಿಡಿದ ಹಾಗೆ ಕೂಗ್ತವೆ, ಯಾಕಂದ್ರೆ ಉಪ್ಪು ನೀರೂ ವಿದ್ಯುತ್ ಹರಿಸ್ತದೆ. ಮಲ್ಟಿ ಫ್ರೀಕ್ವೆನ್ಸಿ ಬೇಕಾಗೋದು ಇಲ್ಲೇ. ಲೆಜೆಂಡ್ ಒಟ್ಟೊಟ್ಟಿಗೆ ಹಲವು ಫ್ರೀಕ್ವೆನ್ಸಿ ಬಿಡ್ತದೆ, ಬೀಚ್ ಮೋಡ್ ಹಾಕಿ ಸೆನ್ಸಿಟಿವಿಟಿ ಸ್ವಲ್ಪ ಇಳಿಸಿದ್ರೆ ಅಲೆ ಬರೋ ಅಂಚಲ್ಲೂ ಶಾಂತವಾಗಿ ಇರ್ತದೆ. ಮಾಜಾಳಿ ಹತ್ರದ ತಿಳಮಾತಿಯ ಕಪ್ಪು ಮರಳಿನಂಥ ಕಡೆ ಮಾತ್ರ ಯಾವ ಮೆಷಿನ್ನಿಂದಲೂ ಜಾಸ್ತಿ ಆಸೆ ಇಟ್ಕೋಬೇಡಿ. ಮಳೆಗಾಲದ ಅಲೆ ನಮ್ಮ ದಂಡೆಯ ಮರಳನ್ನ ಎಳ್ಕೊಂಡು ಹೋಗ್ತದೆ, ಮಳೆ ಮುಗಿದ ಮೇಲೆ ಮತ್ತೆ ತಂದು ತುಂಬ್ತದೆ, ಆದ್ದರಿಂದ ಹಳೇದು ಬೇಕಂದ್ರೆ ಅಬ್ಬರ ಇಳಿದ ಕೂಡ್ಲೇ, ಮರಳು ವಾಪಸ್ ತುಂಬೋ ಮೊದ್ಲೇ, ಇಳಿತದ ಹೊತ್ತು ನೋಡ್ಕೊಂಡು ಹೋಗಿ. 3 ಮೀಟರ್ ನೀರೊಳಗೂ ತಡೀತದೆ ಅನ್ನೋದು ಈ ಮೆಷಿನ್ನಿನ ಲೆಕ್ಕ, ನಮ್ಮ ಮಳೆಗೆ ಅದು ಬೇಕೇ ಬೇಕು. ಬಲೆಗೆ ಕಟ್ಟೋ ಸೀಸದ ಗುಂಡು ಬೇಕಾದಷ್ಟು ಸಿಗ್ತವೆ, ಸದ್ದು ಕೇಳಿದ್ರೆ ನಾಣ್ಯವೇ ಅನ್ಸೋವಷ್ಟು ಚೆಂದ. ನೇವಿ ಜಾಗದ ಆಸುಪಾಸು ಮಾತ್ರ ಇದನ್ನ ಹಿಡ್ಕೊಂಡು ಸುಳೀಬೇಡಿ, ವಿವರಿಸಿ ಹೇಳೋಷ್ಟರಲ್ಲಿ ದಿನ ಮುಗೀತದೆ.

ನೆಲದೊಳಗಿನ ಲೋಹ ಯಾವುದಿರ್ಬಹುದು ಹೇಳಿ ಮೆಷಿನ್ ತೋರಿಸೋ ನಂಬರ್ ಬಗ್ಗೆ ಎರಡು ಮಾತು. ಲೆಜೆಂಡ್ ಪರದೆಯಲ್ಲಿ 1ರಿಂದ 60ರವರೆಗೆ ಬರ್ತದೆ, ಕಬ್ಬಿಣ ಕೆಳಗೆ, ತಾಮ್ರ ಬೆಳ್ಳಿ ಮೇಲೆ. ಈಗಿನ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲು, ಅಯಸ್ಕಾಂತಕ್ಕೆ ಅಂಟ್ತದೆ, ಅದು ಕಬ್ಬಿಣದ ಹಾಗೆ ವರ್ತಿಸ್ತದೆ, ನಂಬರ್ ಸ್ಥಿರ ನಿಲ್ಲೋದಿಲ್ಲ. ಹಳೇ ತಾಮ್ರದ್ದು ಎರಡೂ ಕಡೆಯಿಂದ ಬೀಸಿದ್ರೂ ಹತ್ತಿರ ಹತ್ತಿರ ಒಂದೇ ನಂಬರ್. ಆದ್ರೆ ಆಳಕ್ಕೆ ಹೋದ ಹಾಗೆ ಕೆಂಪು ಮಣ್ಣಿನ ಪ್ರಭಾವಕ್ಕೆ ಚಲೋ ನಾಣ್ಯದ ನಂಬರೂ ಕಬ್ಬಿಣದ ಕಡೆ ಜಾರ್ತದೆ, ಹಾಗಾಗಿ ನಂಬರ್ ನೋಡಿ ಬಿಟ್ಟು ಹೋಗ್ಬೇಡಿ, ಸಣ್ಣ ದನಿ ಎರಡು ಸಲ ಅದೇ ಜಾಗದಲ್ಲಿ ಬಂದ್ರೆ ಅಗೀರಿ. ಹೆಡ್‌ಫೋನ್ ಇಲ್ದೆ ಆ ದನಿ ಕೇಳೋದೇ ಇಲ್ಲ. ಕಾಯಿಲ್ ನೆಲಕ್ಕೆ ಸಮ ಇರ್ಲಿ, ನಿಧಾನ ಬೀಸಿ, ಗಡಿಬಿಡಿ ಜನಕ್ಕೆ ಈ ಹವ್ಯಾಸ ಅಲ್ಲ. ವಿಜಯನಗರ ಕಾಲದ 'ಹಣ' ಅನ್ನೋ ಪುಟ್ಟ ಬಂಗಾರದ ನಾಣ್ಯ ಅರ್ಧ ಗ್ರಾಮೂ ತೂಗೋದಿಲ್ಲ, ಅಂಥದ್ದು ಆಳದಲ್ಲಿ ಕೂಗ್ತದೆ ಅನ್ನೋ ಆಸೆ ಬಿಡಿ. ಗೋವಾ ಪೋರ್ಚುಗೀಸರ ತವರದ ಬಜಾರುಕೊ ನಾಣ್ಯ ಸಿಕ್ಕಿದ್ರೆ ಅದೂ ಬೆಳ್ಳಿಯಷ್ಟು ಮೇಲಿನ ನಂಬರ್ ತೋರಿಸೋದಿಲ್ಲ.

ಬೇರೆ ಯಾವುದು ಅಂದ್ರೆ, ಮೈನ್‌ಲ್ಯಾಬ್ ವ್ಯಾಂಕ್ವಿಶ್ 540 ಕೂಡ ಮಲ್ಟಿ ಫ್ರೀಕ್ವೆನ್ಸಿ, ಹಗುರ, ಬೀಚಿಗೆ ಚಲೋ, ಆದ್ರೆ ಗ್ರೌಂಡ್ ಬ್ಯಾಲೆನ್ಸ್ ನಮ್ಮ ಕೈಲಿಲ್ಲ, ಕಾಯಿಲ್ ನೀರಿಗೆ ಇಳೀತದೆ, ಮೇಲಿನ ಪೆಟ್ಟಿಗೆ ಇಳಿಯೋದಿಲ್ಲ. ನೋಕ್ಟಾದ್ದೇ ಸಿಂಪ್ಲೆಕ್ಸ್ ಅಲ್ಟ್ರಾ 15 ಕಿಲೋಹರ್ಟ್ಜ್ ಒಂದೇ ಫ್ರೀಕ್ವೆನ್ಸಿ, ಘಟ್ಟದ ಮೇಲಿನ ಹಿತ್ಲು ತೋಟ ಮಾತ್ರ ನೋಡೋರಿಗೆ ಅದೇ ಸಾಕು, ದುಡ್ಡು ಉಳೀತದೆ. ಪಲ್ಸ್ ಇಂಡಕ್ಷನ್, ಅಂದ್ರೆ ಅಯಸ್ಕಾಂತ ಕ್ಷೇತ್ರವನ್ನ ಬಿಟ್ಟು ಬಿಟ್ಟು ಕಳಿಸೋ ಬೇರೆ ಜಾತಿ ಮೆಷಿನ್, ಉಪ್ಪಿಗೂ ಕೆಂಪು ಮಣ್ಣಿಗೂ ಹೆದರೋದಿಲ್ಲ, ಆದ್ರೆ ಮೊಳೆ ಯಾವುದು ನಾಣ್ಯ ಯಾವುದು ಹೇಳೋದು ಅದಕ್ಕೆ ಕಷ್ಟ, ಹಳೇ ಪಾಯದ ಹತ್ರ ಹುಚ್ಚು ಹಿಡೀತದೆ. ಲೆಜೆಂಡಿನ ಬೆಲೆಗೆ ಒಂದು ಚಲೋ ಸೆಕೆಂಡ್ ಹ್ಯಾಂಡ್ ಸ್ಕೂಟಿ ಬರ್ತದೆ, ಅದೂ ನೆನಪಿರ್ಲಿ.

ಕಾನೂನು ಗೊತ್ತಿರ್ಲಿ. ಮಿರ್ಜಾನ್ ಕೋಟೆ, ಬನವಾಸಿ ದೇವಸ್ಥಾನದಂಥ ಸಂರಕ್ಷಿತ ಜಾಗದಲ್ಲಿ ಮೆಷಿನ್ ಹಿಡಿದು ಅಗೆಯೋ ಮಾತೇ ಇಲ್ಲ, ದೇವಸ್ಥಾನದ ಹತ್ರ ನಿಧಿ ಅಗೆಯೋರು ಸಿಕ್ಕಿಬಿದ್ದ ಸುದ್ದಿ ಪೇಪರಲ್ಲಿ ಬರ್ತಾನೇ ಇರ್ತದೆ, ನೀವೂ ಆ ಗುಂಪಿನೋರು ಅಂದ್ಕೊಳ್ತಾರೆ. ಬೇರೆಯವರ ಜಾಗ ಆದ್ರೆ ಕೇಳಿ ಹೋಗಿ. ನಿಧಿ ಅನ್ನೋ ಥರದ್ದು ಎಂತಾದ್ರೂ ಸಿಕ್ಕಿದ್ರೆ ಜಿಲ್ಲಾಡಳಿತಕ್ಕೆ ತಿಳಿಸ್ಬೇಕು, ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯವನ್ನ ದೇಶದಿಂದ ಹೊರಗೆ ಮಾರೋ ಹಾಗಿಲ್ಲ.

ತಗೊಳ್ಳುವಾಗ ಅಂಗಡಿಯವನು ಗಾಳೀಲಿ ನಾಣ್ಯ ಆಡಿಸಿ ತೋರಿಸೋದನ್ನ ನಂಬ್ಬೇಡಿ, ಸಾಧ್ಯ ಆದ್ರೆ ನಿಮ್ಮ ಹಿತ್ಲಲ್ಲೇ ಒಂದು ಕಾಲಾಣೆ ಗೇಣು ಆಳಕ್ಕೆ ಹೂತು ಅದರ ಮೇಲೆ ಬೀಸಿ ನೋಡಿ. ದೊಡ್ಡ ಕಂಪನಿಗಳ ಹೆಸರಲ್ಲಿ ಡೂಪ್ಲಿಕೇಟೂ ಬರ್ತವೆ, ಸೀರಿಯಲ್ ನಂಬರ್, ಜಿಎಸ್‌ಟಿ ಬಿಲ್ಲು, ವಾರಂಟಿ ಭಾರತದಲ್ಲೇ ಸಿಗ್ತದಾ ಮೂರೂ ಕೇಳಿ. ನನಗೆ ಒಬ್ಬ ಮಾರಾಟಗಾರ ಬಿಲ್ಲಿನ ಮಾತು ಬಂದ ಕೂಡ್ಲೇ ಫೋನ್ ಎತ್ತೋದೇ ಬಿಟ್ಟ, ಅಂಥವರ ಹತ್ರ ಎಷ್ಟೇ ಕಮ್ಮಿ ಇದ್ರೂ ತಗೋಬೇಡಿ.