ಹೋಬಳಿ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕ: ಗೋಡೆಯ ಮೇಲೆ ಇದ್ದದ್ದು, ಟ್ರೇಯಲ್ಲಿ ಇಲ್ಲದ್ದು

ಕಳೆದ ಮುಂಗಾರಿನಲ್ಲಿ ಅಡಿಕೆ ತೋಟದ ಬಸಿಗಾಲುವೆ ಬಿಡಿಸುತ್ತಿದ್ದ ನಮ್ಮ ಚಿಕ್ಕಪ್ಪನ ಪಾದಕ್ಕೆ ಕೊಳಕುಮಂಡಲ ಹಾವು ಕಚ್ಚಿದಾಗ ಸಂಜೆ ಆರೂವರೆ. ತಾಲ್ಲೂಕು ಆಸ್ಪತ್ರೆ ನಮ್ಮಲ್ಲಿಂದ 38 ಕಿಲೋಮೀಟರ್. ಹೋಬಳಿ ಕೇಂದ್ರದಲ್ಲಿರುವ 30 ಹಾಸಿಗೆಗಳ ಖಾಸಗಿ ಆಸ್ಪತ್ರೆ ಕೇವಲ 9. ಹತ್ತಿರದ್ದಕ್ಕೇ ಹೋದೆವು. ಮರುದಿನ ಮಧ್ಯಾಹ್ನದವರೆಗೆ ಅಲ್ಲಿನ ತುರ್ತು ಘಟಕದಲ್ಲಿ ಕುಳಿತು ಕಂಡದ್ದನ್ನು ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಇಂಥದೇ ಒಂದು ಆಸ್ಪತ್ರೆ ನಿಮ್ಮ ಊರಿನ ಆಸುಪಾಸಿನಲ್ಲಿಯೂ ಇದ್ದೀತು.

ಬಾಗಿಲಲ್ಲಿ ಕಾಣುವುದೆಲ್ಲ ಕ್ರಮವಾಗಿಯೇ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ, ದರಪಟ್ಟಿ, ರೋಗಿಗಳ ಹಕ್ಕುಗಳ ಫಲಕ, ಎಲ್ಲಕ್ಕೂ ಚೌಕಟ್ಟು, ಗಾಜು. ಆ ಫಲಕದ ಕೆಳಗೇ ಕುಳಿತಿದ್ದ ಕ್ಯಾಷಿಯರ್ ಮಾತ್ರ ಮುಂಗಡ ಕಟ್ಟಿ ರಸೀದಿ ತರುವಂತೆ ನಮ್ಮನ್ನು ತಡೆದರು. ತುರ್ತು ಸಂದರ್ಭದಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯಬಾರದೆಂದು 2017ರ ತಿದ್ದುಪಡಿ ಸ್ಪಷ್ಟವಾಗಿಯೇ ಹೇಳುತ್ತದೆ. ಅಪಘಾತವಾಗಿ ಬಂದವರಿಗೆ ಮೊದಲು ಚಿಕಿತ್ಸೆ, ಮಿಕ್ಕಿದ್ದೆಲ್ಲ ನಂತರ ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಪರಮಾನಂದ ಕಟಾರ ಪ್ರಕರಣದಲ್ಲಿ ತೀರ್ಪಿತ್ತಿದೆ. ನಮ್ಮನ್ನು ಕಾಪಾಡಿದ್ದು ಇವೆರಡೂ ಅಲ್ಲ. ಒಳಗಿನಿಂದ ಬಂದ ಸಿಸ್ಟರ್ ಒಬ್ಬರು "ದುಡ್ಡಿನ ಮಾತು ಆಮೇಲಣ್ಣ, ಮೊದಲು ಅವರನ್ನ ಒಳಗೆ ಮಲಗಿಸಿ" ಎಂದು ತಾವೇ ಗಾಲಿಕುರ್ಚಿ ತಳ್ಳಿಕೊಂಡು ಹೋದರು.

ರಾತ್ರಿ ಪಾಳಿಯ ವೈದ್ಯರು ಚಿಕ್ಕ ವಯಸ್ಸಿನವರು, ಆದರೆ ಕೆಲಸ ಬಲ್ಲವರು. ಕಟ್ಟಿದ್ದ ಬಟ್ಟೆಯನ್ನು ಎಚ್ಚರದಿಂದ ಬಿಡಿಸಿದರು, ಬಾವಿನ ಅಂಚನ್ನು ಪೆನ್ನಿನಿಂದ ಗುರುತಿಸಿ ಪಕ್ಕದಲ್ಲಿ ಸಮಯ ಬರೆದರು. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆಗೆ ಶುಚಿಯಾದ, ಒಣಗಿದ ಗಾಜಿನ ನಳಿಕೆ ಬೇಕು. ತುರ್ತು ಘಟಕದ ಟ್ರೇಯಲ್ಲಿ ಇದ್ದದ್ದು ಪ್ಲಾಸ್ಟಿಕ್ಕಿನದು. ಗಾಜಿನ ಸ್ಪರ್ಶವೇ ರಕ್ತವನ್ನು ಹೆಪ್ಪುಗಟ್ಟಲು ಪ್ರಚೋದಿಸುವುದರಿಂದ, ವಿಷವೇರದವರ ರಕ್ತವೂ ಪ್ಲಾಸ್ಟಿಕ್ಕಿನಲ್ಲಿ ನೀರಾಗಿಯೇ ಉಳಿಯಬಹುದು, ಆಗ ಅನಗತ್ಯವಾಗಿ ಪ್ರತಿವಿಷ ಕೊಟ್ಟಂತಾಗುತ್ತದೆ. ವೈದ್ಯರು ಅದನ್ನು ಪಕ್ಕಕ್ಕಿಟ್ಟು ಗಾಜಿನ ನಳಿಕೆ ಕೇಳಿದರು. ಅದು ಪ್ರಯೋಗಾಲಯದಲ್ಲಿತ್ತು, ಪ್ರಯೋಗಾಲಯಕ್ಕೆ ಬೀಗವಿತ್ತು, ಬೀಗದ ಕೈ ಮನೆಗೆ ಹೋಗಿದ್ದ ತಂತ್ರಜ್ಞರ ಜೇಬಿನಲ್ಲಿತ್ತು. ಮಂಡಲದ ವಿಷ ಮೈಯಲ್ಲಿರುವವರ ಎದುರು ಇಪ್ಪತ್ತು ನಿಮಿಷ ಹೀಗೆ ವ್ಯರ್ಥವಾಯಿತು. ಈ ಆಸ್ಪತ್ರೆಯ ಮೇಲೆ ನನ್ನ ಅತಿ ದೊಡ್ಡ ಆಕ್ಷೇಪ ಇದೇ; ಯಾವ ತಪಾಸಣೆಯ ನಮೂನೆಯಲ್ಲಿ ಇದಕ್ಕೊಂದು ಕಾಲಂ ಇದ್ದೀತೋ ನನಗೆ ಅನುಮಾನ.

ಪ್ರತಿವಿಷದ ದಾಸ್ತಾನು ಮಾತ್ರ ಸಾಕಷ್ಟಿತ್ತು. ಹತ್ತು ಸೀಸೆಗಳನ್ನು ಸಲೈನಿನಲ್ಲಿ ಬೆರೆಸಿ ಹನಿಸಿದರು; ಅಲರ್ಜಿಯಾದರೆ ಇರಲೆಂದು ಅಡ್ರಿನಲಿನ್ ತುಂಬಿದ ಸಿರಿಂಜನ್ನು ಮೊದಲೇ ಪಕ್ಕದಲ್ಲಿಟ್ಟುಕೊಂಡಿದ್ದರು, ಆರು ಗಂಟೆಯ ನಂತರ ಮತ್ತೆ ಅದೇ ಪರೀಕ್ಷೆ ಮಾಡಿದರು. ಆ ಬಿಡುವಿನಲ್ಲಿ ಔಷಧಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ತಾಪಮಾನದ ಪಟ್ಟಿಯ ಮೇಲೆ ಕಣ್ಣುಬಿತ್ತು. ಅಂದು ಶುಕ್ರವಾರ. ಭಾನುವಾರ ರಾತ್ರಿಯ ಅಂಕಿಯನ್ನೂ ಅದೇ ಕೈಬರಹದಲ್ಲಿ, ಅದೇ ಪೆನ್ನಿನಲ್ಲಿ ಆಗಲೇ ತುಂಬಿಸಿಟ್ಟಿದ್ದರು! ಪುಡಿರೂಪದ ಪ್ರತಿವಿಷ ಫ್ರಿಜ್ಜಿನ ಹೊರಗೂ ಬಾಳುತ್ತದೆ ಎಂಬುದು ನಮ್ಮ ಪುಣ್ಯ. ಲಸಿಕೆ, ಇನ್ಸುಲಿನ್‌ಗಳ ಪಾಡು ಬೇರೆ.

ತ್ಯಾಜ್ಯದ ಬುಟ್ಟಿಗಳು ನಾಲ್ಕು ಬಣ್ಣದಲ್ಲಿವೆ, ಸೂಜಿಗಳು ಬಿಳಿಯ ಗಟ್ಟಿ ಡಬ್ಬಿಗೇ ಬೀಳುತ್ತವೆ. ಆದರೆ ಖಾಲಿ ಗಾಜಿನ ಸೀಸೆಗಳು 2016ರ ನಿಯಮದಂತೆ ನೀಲಿಗೆ ಹೋಗುವ ಬದಲು ಹತ್ತಿ, ಬ್ಯಾಂಡೇಜುಗಳ ಜೊತೆ ಹಳದಿ ಚೀಲ ಸೇರಿದವು. ಹಿಂಬಾಗಿಲ ಅರ್ಧಕ್ಕೆ ಅಡ್ಡವಾಗಿ ಯಾರೋ ಮಂಚ ಹಾಕಿದ್ದರು.

ಬೆಳಗ್ಗೆ ಮೂತ್ರದ ಪ್ರಮಾಣ ಇಳಿದಾಗ ವೈದ್ಯರು ತಡಮಾಡದೆ, ಡಯಾಲಿಸಿಸ್ ಸೌಲಭ್ಯ ತಮ್ಮಲ್ಲಿಲ್ಲವೆಂದು ನೇರವಾಗಿ ಹೇಳಿ ಜಿಲ್ಲಾಸ್ಪತ್ರೆಗೆ ಕಳಿಸುವ ನಿರ್ಧಾರ ಮಾಡಿದರು. ಅವರು ಬರೆದುಕೊಟ್ಟ ಪತ್ರ ಅಚ್ಚುಕಟ್ಟಾಗಿತ್ತು: ಕಚ್ಚಿದ ಹೊತ್ತು, ಕೊಟ್ಟ ಸೀಸೆಗಳ ಲೆಕ್ಕ, ಎರಡೂ ಪರೀಕ್ಷೆಗಳ ಸಮಯ ಮತ್ತು ಫಲಿತಾಂಶ. ಹಾವು ಕಡಿತವನ್ನು ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿರುವುದರಿಂದ ಆ ವರದಿಯನ್ನೂ ನನ್ನೆದುರೇ ತುಂಬಿದರು. ಜಿಲ್ಲಾಸ್ಪತ್ರೆಯಲ್ಲಿ ನಮಗೆ ಮೊದಲಿನಿಂದ ಕಥೆ ಹೇಳುವ ಕೆಲಸವೇ ಬೀಳಲಿಲ್ಲ. ಎರಡು ಡಯಾಲಿಸಿಸ್ ಆದ ಮೇಲೆ ಚಿಕ್ಕಪ್ಪ ಚೇತರಿಸಿಕೊಂಡರು.

ಬಿಲ್ಲಿನಲ್ಲಿ ಹಾಸಿಗೆ, ವೈದ್ಯರ ಶುಲ್ಕಗಳು ಗೋಡೆಯ ದರಕ್ಕೆ ಸರಿಹೊಂದಿದವು, ಪ್ರತಿವಿಷಕ್ಕೆ ಸೀಸೆಯ ಮೇಲಿನ ಬೆಲೆಯನ್ನೇ ಹಾಕಿದ್ದರು. ದರಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ "ತುರ್ತು ಸೇವಾ ಶುಲ್ಕ"ವೊಂದು ಕೊನೆಯ ಸಾಲಿನಲ್ಲಿತ್ತು. ಕೇಳಿದರೆ ಎಲ್ಲರಿಗೂ ಹಾಕುತ್ತೇವೆ ಎಂದರು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಈ ಶುಲ್ಕ, ಮುಂಗಡ ಮತ್ತು ಫ್ರಿಜ್ಜಿನ ಪಟ್ಟಿ, ಮೂರನ್ನೂ ಬರೆದಿದ್ದೇನೆ. ನಳಿಕೆಯ ವಿಷಯವನ್ನು ಆಸ್ಪತ್ರೆಗೇ ನೇರವಾಗಿ ತಿಳಿಸಿದ್ದೇನೆ.

ಹಾವು ಕಡಿತಕ್ಕೆ ಮೊದಲ ಚಿಕಿತ್ಸೆ ಪಡೆಯಲು ನಾನು ಮತ್ತೆ ಇಲ್ಲಿಗೇ ಹೋಗುತ್ತೇನೆ, ಆ ವೈದ್ಯರ ಪಾಳಿ ಯಾವಾಗೆಂದು ಕೇಳಿಕೊಂಡು. ಎದೆನೋವಾದರೆ ಇಲ್ಲಿ ನಿಲ್ಲಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಜಾರಿಯಲ್ಲಿರುವ ತಾಲ್ಲೂಕು ಸರ್ಕಾರಿ ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಇಲ್ಲಿ ಇಸಿಜಿ ಯಂತ್ರವಿದೆ, ಆ ಮದ್ದು ಇಲ್ಲ.